ಕರೆದರೆ ಬರುವ ಹುಂಜ

ನಾನು ನಿಂತದ್ದು ಬಂದ್ಯೋಡು ಪೇಟೆಯ ಮೂಡು ಬದಿಯ ಗದ್ದೆಯಲ್ಲಿ, ಒಂಟಿ ತೆಂಗಿನ ಮರದ ಬುಡದಿಂದ ನಾಲ್ಕು ಹೆಜ್ಜೆ ಈಚೆಗೆ. ಸ್ವಾತಂತ್ರ್ಯ ಬಂದ ಮರುವರ್ಷ, ಸುಗ್ಗಿ ಕೊಯ್ಲು ಮುಗಿದ ಮೇಲಿನ ಒಂದು ಸಂಜೆ. ಬಿಸಿಲು ಇನ್ನೂ ಇತ್ತು. ಆ ಜಾಗವನ್ನು ಮತ್ತೆ ಕಣ್ಣೆದುರು ತಂದದ್ದು ಮೊನ್ನೆ ಟ್ರಂಕಿನ ತಳದಲ್ಲಿ ಸಿಕ್ಕಿದ ಒಂದು ಅರ್ಜಿಯ ನಕಲು. ಅರ್ಧ ಗೆದ್ದಲು ತಿಂದಿದೆ. ಅಕ್ಷರ ನನ್ನದು.

ಅರ್ಜಿ ನೆರೆಮನೆಯ ಅಕ್ಕನದು. ನಾನಾಗ ಶಾಲೆಯಲ್ಲಿ ಮಾಸ್ತರ. ಊರವರ ಕಾಗದಗಳನ್ನು ಬರೆದುಕೊಡುತ್ತಿದ್ದೆ. ಅಕ್ಕನ ಒಬ್ಬಳೇ ಮಗಳು ಜ್ವರದಲ್ಲಿ ಹೋಗಿದ್ದಳು. ಅವಳು ಮರಿಯಿಂದ ಸಾಕಿದ ಕೆಂಪು ಹುಂಜವೊಂದು ಉಳಿದಿತ್ತು. ನಾಲಿಗೆಯನ್ನು ಅಂಗುಳಿಗೆ ಬಡಿದು, ಮಗಳು ಕರೆಯುತ್ತಿದ್ದ ಹಾಗೆಯೇ ಅಕ್ಕ ಕರೆದರೆ ಅದು ಎಲ್ಲಿದ್ದರೂ ಓಡಿ ಬರುತ್ತಿತ್ತು...

ಮಳೆಗಾಲ ಕಳೆದ ಕೂಡಲೇ ಅದು ಕಾಣೆಯಾಯಿತು. ಐದು ತಿಂಗಳ ಬಳಿಕ ಮೀಂಜದ ಒಬ್ಬರಿಗೆ ಸಿಕ್ಕಿದೆಯೆಂದು ಸುದ್ದಿ ಬಂತು. ಅಕ್ಕ ಹೋಗಿ ಕೇಳಿದರು. ಅವರು ಕೊಡಲಿಲ್ಲ, ತೋರಿಸಲೂ ಇಲ್ಲ.

ಪಟೇಲರ ಬಳಿಗೆ ಹೋದೆವು. "ಸಿಕ್ಕಿದವನು ಕಾದುಕೊಂಡವ ಮಾತ್ರ, ಯಜಮಾನ ಅಲ್ಲ. ಹಕ್ಕು ನಿಮ್ಮದೇ. ಆದರೆ ಗುರುತು ಎಂತ ಉಂಟು?" ಎಂದರು. ಕೆಂಪು ಹುಂಜ ಎಲ್ಲರ ಮನೆಯಲ್ಲೂ ಇತ್ತು. ನಾನು ಅರ್ಜಿಯಲ್ಲಿ ಬರೆದೆ: ಕರೆದರೆ ಬರುತ್ತದೆ. ಪಟೇಲರು ಓದಿ ಹಿಂದೆ ಕೊಟ್ಟು, "ನಾಲ್ಕು ಜನರ ಎದುರು ಬರಲಿ, ಕೊಡಿಸುವ" ಎಂದರು.

ಆ ಸಂಜೆ ಮೀಂಜದವರು ಹುಂಜವನ್ನು ಬಂದ್ಯೋಡಿನ ಕೋಳಿ ಅಂಕಕ್ಕೆ ತಂದಿದ್ದಾರೆಂದು ತಿಳಿದು ಓಡಿದೆವು. ತಲುಪುವಾಗ ಅದರ ಕಾಲಿಗೆ ಬಾಳು, ಅಂದರೆ ಕಾದಾಟದ ಚೂರಿ, ಕಟ್ಟಿ ಆಗಿತ್ತು.

"ಅದು ನನ್ನ ಹುಂಜ," ಎಂದರು ಅಕ್ಕ.

"ಬೆನ್ನಲ್ಲಿ ಹೆಸರು ಬರೆದುಂಟಾ?" ಎಂದು ಅವರು ಕೇಳಿದಾಗ ಸುತ್ತಲಿದ್ದವರು ನಕ್ಕರು. "ಐದು ತಿಂಗಳು ಭತ್ತ ಹಾಕಿದ್ದು ನಾನು, ಅಕ್ಕಾ. ಇದೊಂದು ಅಂಕ ಮುಗಿಯಲಿ, ಮತ್ತೆ ಮಾತಾಡುವ."

ಹುಂಜವನ್ನು ನೆಲಕ್ಕೆ ಬಿಟ್ಟರು. ಅಕ್ಕ ನನ್ನ ಮುಖ ನೋಡಿದರು.

"ಕರೆಯಿರಿ," ಎಂದೆ. ನಾಲ್ಕು ಜನರಲ್ಲ, ನೂರು ಜನ ಇದ್ದರು. ನನ್ನ ತಲೆಯಲ್ಲಿ ಇದ್ದದ್ದು ಸಾಕ್ಷಿಯೊಂದೇ.

ಅಕ್ಕ ಕರೆದರು. ಹುಂಜ ಕಾದಾಟ ಬಿಟ್ಟು ಕತ್ತು ತಿರುಗಿಸಿತು. ನಮ್ಮ ಕಡೆಗೆ ಎರಡು ಹೆಜ್ಜೆ ಇಟ್ಟಿತು. ಎದುರಿನ ಕೋಳಿ ಹಾರಿದ್ದು ಆಗಲೇ.

ಯಾರೂ ನಗಲಿಲ್ಲ. ಅಕ್ಕ ಅರ್ಜಿಯನ್ನು ಎದೆಗೆ ಒತ್ತಿಕೊಂಡು, "ನನ್ನದು ಅಂತ ಇವರಿಗೆ ಈಗ ಗೊತ್ತಾಯಿತಲ್ಲ, ಮಾಸ್ಟ್ರೆ?" ಎಂದು ಕೇಳಿದರು. ಮತ್ತೂ ಒಮ್ಮೆ ಕೇಳಿದರು.

ಮೀಂಜದವರು ತಲೆ ತಗ್ಗಿಸಿ, "ನಿಮ್ಮದೇ ಅಕ್ಕಾ," ಎಂದರು. ಆದರೆ ಅಂಕದಲ್ಲಿ ಸತ್ತ ಕೋಳಿ ಗೆದ್ದವನಿಗೆ ಸೇರುವುದು ಕಟ್ಟುಪಾಡು. ಗೆದ್ದವನು ಅದನ್ನು ಕಾಲು ಹಿಡಿದು ಎತ್ತಿಕೊಂಡು ಹೋದ.

ಆಮೇಲೆ ಅಕ್ಕ ಬೇರೆ ಕೋಳಿ ಸಾಕಲಿಲ್ಲ. ನನ್ನಿಂದ ಕಾಗದ ಬರೆಸಲೂ ಇಲ್ಲ. ಅವರು ಹೋಗಿ ಬಹಳ ವರ್ಷಗಳಾದವು. ಪಟೇಲರೂ ಮೀಂಜದವರೂ ಇಲ್ಲ. ನಾನು "ಕರೆಯಿರಿ" ಎಂದದ್ದನ್ನು ಕೇಳಿದವರಲ್ಲಿ ಬದುಕಿರುವುದು ಅಂದು ಬಾಳು ಕಟ್ಟಿದಾತ ಒಬ್ಬ. ಆಗ ಅವನು ನನ್ನಿಂದ ಒಂದು ಮಾರು ದೂರದಲ್ಲಿ ಬಾಳು ಕಟ್ಟುವ ನೂಲು ಸುತ್ತುತ್ತಾ ಕುಳಿತಿದ್ದ.