ಹೆಸರಿಟ್ಟ ನಾಟಕದಕ್ಕ

ಹೋದ ವಾರ ಗೆಳತಿಯ ಮಗಳ ಕುಬಸಕ್ಕೆ ಹೋಗಿದ್ದೆ. ತುಂಬು ಬಸುರಿ. ಪಾರ್ಲರಿನವಳು ಬಳಿದಿದ್ದ ಬಣ್ಣ ಸೆಕೆಗೆ ಇಳಿಯುತ್ತಿತ್ತು. ಒಳಗೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಳ್ಳುತ್ತಿದ್ದಳು. ಬಣ್ಣ, ಪೌಡರು, ಎಣ್ಣೆ ಕೂಡಿದ ಆ ವಾಸನೆ ಬಂದದ್ದೇ ತಡ, ನಾಟಕದಕ್ಕ ಬಾಜು ಬಂದು ಕೂತಂತಾಯಿತು.

ಅಣ್ಣಿಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಳು. ಕಂಪನಿ ನಾಟಕಗಳಲ್ಲಿ ತಾಯಿ ಪಾರ್ಟು ಮಾಡಿದವಳು. ಟವೆಲ್ಲು ಸುತ್ತಿ ಕೂಸು ಮಾಡಿಕೊಂಡು ಜೋಗುಳ ಹಾಡಿದರೆ ಜನ ಅಳುತ್ತಿದ್ದರಂತೆ. ಒಂದು ಕ್ಯಾಂಪಿನಲ್ಲಿ ಟೆಂಟಿನ ಹಿಂದೆ ನಿಜವಾದ ಕೂಸೇ ಸಿಕ್ಕಿತು. ಯಾರೋ ಬಿಟ್ಟುಹೋಗಿದ್ದರು. ಪೊಲೀಸರು ಬರುವವರೆಗೆ ಎತ್ತಿಕೊಂಡಿದ್ದವಳು, ತನಗೇ ಕೊಡಿ ಎಂದಳು. ಊರೂರು ತಿರುಗುವ ನಾಟಕದವಳಿಗೆ ಕೂಸೇ ಎಂದು ನಕ್ಕರಂತೆ...

ಕಂಪನಿ ಮುಚ್ಚಿದ ಮೇಲೆ ಇದನ್ನೇ ಹಿಡಿದಳು. ಮಕ್ಕಳಿಲ್ಲದವರ ಮನೆಗೆ ಹೋಗಿ ದತ್ತು ತಗೊಳ್ಳಿ ಎನ್ನುವುದು, ಬೈಸಿಕೊಳ್ಳುವುದು, ಮತ್ತೆ ಹೋಗುವುದು. ಅವಳನ್ನು ಈ ಗೆಳತಿಯ ಮನೆಗೆ ಕರೆದೊಯ್ದವಳು ನಾನೇ. ಕುಂದಗೋಳ ಕಡೆಯ ಹಳ್ಳಿ, ಊರ ಹೆಸರು ಬರೆಯುವುದಿಲ್ಲ.

"ಯಾರ ರಕ್ತಾನೋ ಏನೋ, ಯಾರಿಗ್ ಗೊತ್ತೈತಿ?" ಎಂದಳು ಗೆಳತಿಯ ಅತ್ತೆ, ಕಟ್ಟೆಯ ಮೇಲಿಂದಲೇ.

"ರಕ್ತ ತಗೊಂಡು ಏನ್ ಮಾಡ್ತೀರಿ ಯವ್ವಾ? ನಿಮಗ ಆಡಸಾಕ ಬೇಕಾಗಿದ್ದು ಕೂಸಲ್ಲೇನ್ರಿ?" ಎಂದಳು ನಾಟಕದಕ್ಕ.

ಮುದುಕಿ ನಕ್ಕುಬಿಟ್ಟಳು. ಆಮೇಲೆ ಹುಬ್ಬಳ್ಳಿಯ ದತ್ತು ಕೇಂದ್ರಕ್ಕೆ ಎಷ್ಟು ಸಲ ಬಸ್ಸು ಹತ್ತಿದರೋ. ಕೊನೆಗೆ ಹೆಣ್ಣುಕೂಸು ಬಂತು.

ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಅಪ್ಪನ ಅಕ್ಕನೋ ತಂಗಿಯೋ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗೆಳತಿಯ ನಾದಿನಿ ಬರಲಿಲ್ಲ. ಎಲ್ಲಿಂದಲೋ ತಂದದ್ದಕ್ಕೆ ನಾನು ಅತ್ತೆಯಾಗುವುದಿಲ್ಲ ಎಂದು ಹೇಳಿ ಕಳಿಸಿದಳು. ನಾಟಕದಕ್ಕ ಸೆರಗು ಸಿಗಿಸಿ ಮುಂದೆ ಬಂದಳು.

"ಅತ್ತಿ ಪಾರ್ಟು ಒಂದು ಮಾಡಿದ್ದಿಲ್ಲ. ಗುದ್ದ್ರಿ ಬೇ, ಕೈಯಾಗ ಜೀವ ಇಲ್ಲೇನು?"

ನಗುತ್ತ ಗುದ್ದಿದರು. ಎದ್ದಾಗ ಅವಳ ಕಣ್ಣು ಒದ್ದೆಯಾಗಿತ್ತು. "ಅಗದಿ ಜೋರ ಗುದ್ದೀರಿ" ಎಂದಳು.

ಆಮೇಲಿನದು ಹೇಳುವುದೇ ಕಷ್ಟ. ದತ್ತು ತಂದ ವಿಷಯ ಮಗಳಿಗೆ ನೀವೇ ಹೇಳಿ, ಮಂದಿ ಹೇಳುವ ಮೊದಲು ಎನ್ನುತ್ತಿದ್ದಳು ನಾಟಕದಕ್ಕ. ಗೆಳತಿಗೆ ಅದೇ ಭಯ. ಇವಳು ಯಾವ ಮನೆಗೆ, ಯಾಕೆ ಹೋಗುತ್ತಾಳೆಂದು ಎಲ್ಲರಿಗೂ ಗೊತ್ತು. ಇವಳು ಬಂದರೆ ಸಾಕು, ಬಾಯಿ ಬಿಡುವುದೇ ಬೇಡ. ಹುಡುಗಿ ಶಾಲೆಗೆ ಸೇರಿದ ವರ್ಷ ಹೊಸ ಫ್ರಾಕು ಹಿಡಿದು ಹೋದಾಗ ಗೆಳತಿ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಅಕ್ಕಾರ, ಇನ್ನ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಮಂದಿಗೆ ಎಲ್ಲಾ ನೆಪ್ಪಾಗತೈತಿ."

"ನಾ ಇಟ್ಟ ಹೆಸರು. ಒಮ್ಮೆ ಕರದು ಹೋಗ್ತೀನಿ..."

ಬಾಗಿಲು ಹಾಕಿದರು. ಒಂದೇ ಮನೆಯಲ್ಲ, ಎಲ್ಲ ಮನೆಗಳಲ್ಲೂ ಹೀಗೇ ಆಯಿತು. ಕೂಸು ಕೊಡಿಸಿದ ಒಂದೊಂದು ಮನೆಯೂ ಅವಳಿಗೆ ಮುಚ್ಚಿದ ಮನೆಯಾಯಿತು. ಆ ಫ್ರಾಕು ಅವಳ ಗೂಟದಲ್ಲೇ ನೇತಾಡುತ್ತಿತ್ತು. ಹಾಸಿಗೆ ಹಿಡಿದಾಗಲೂ ಯಾರಾದರೂ ಬಾಗಿಲು ಬಡಿದರೆ ಅದನ್ನು ಕೆಳಗಿಳಿಸು ಎಂದು ನನಗೆ ಸನ್ನೆ ಮಾಡುತ್ತಿದ್ದಳು. ಬಂದವರು ಹಾಲಿನವರು, ಇಲ್ಲವೆ ಬಾಡಿಗೆ ಕೇಳುವವರು. ಸತ್ತಾಗ ಮಣ್ಣಿಗೆ ಓಣಿಯವರಷ್ಟೇ ಇದ್ದೆವು. ಗೆಳತಿಗೆ ಫೋನು ಮಾಡಿದ್ದೆ. ಮಗಳು ಬಾಜೂನೇ ಇದ್ದಾಳೆ, ಆಮೇಲೆ ಮಾತಾಡುತ್ತೇನೆ ಎಂದು ಇಟ್ಟಳು.

ಅದೇ ಮಗಳು ಕುಬಸದ ದಿನ ಮುಖ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದಳು: "ಚಿಗವ್ವಾ, ನಮ್ಮನಿಯವರಿಗೆ ಅಕ್ಕ-ತಂಗಿ ಯಾರೂ ಇಲ್ಲ. ನನ್ನ ಕೂಸಿಗೆ ಹೆಸರು ಯಾರು ಇಡೂದು? ನನಗ ಯಾರ ಇಟ್ಟಿದ್ರು?"

ಗೆಳತಿಯ ಮುಖ ಬಿಳಿಚಿತು. ನಾನು ಬಾಯಿ ತೆರೆಯುವುದರೊಳಗೆ, ಈಗೀಗ ಎಲ್ಲದಕ್ಕೂ ಬಂದು ಹೋಗುವ ನಾದಿನಿ ಹೋಳಿಗೆ ಮುರಿಯುತ್ತ ಅಂದಳು:

"ನಿಮ್ಮತ್ತಿ ನಾ ಇರಬೇಕಾದ್ರ ಮತ್ಯಾರ ಇಡ್ತಾರ ಬೇ? ಗುದ್ದಿ ಗುದ್ದಿ ನನ್ನ ಬೆನ್ನ ಮುರದಿದ್ರು."

ಎಲ್ಲರೂ ನಕ್ಕರು. ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾಟಕದಕ್ಕ ಹಾಕಿದ ಒಂದೇ ಅತ್ತೆ ಪಾರ್ಟು, ಅದೂ ಹೋಯಿತು. ಹುಡುಗಿ ಮುಖ ಒರೆಸಿಕೊಂಡು ಒಗೆಯಲು ಕೊಟ್ಟ ಎಣ್ಣೆ ಬಟ್ಟೆ ಹಿಡಿದು ನಾನು ಹಿತ್ತಲಿಗೆ ಹೋದೆ. ಅಳಲು ಆ ಮನೆಯಲ್ಲಿ ಬೇರೆ ಜಾಗವಿರಲಿಲ್ಲ...