ಗಾಜಿನ ರೊಪ್ಪ

ನಮ್ಮ ಮಾವನ ಬಲಗೈ ತೋರುಬೆರಳು ನಡುಗಿಣ್ಣಿನಿಂದ ಮುಂದಕ್ಕೆ ಸೊಟ್ಟಗಿತ್ತು. ಪ್ರಾಯದಲ್ಲಿ ಟಗರೊಂದು ಕೈಯನ್ನು ಗೋಡೆಗೆ ಒತ್ತಿ ಮುರಿದಿದ್ದಂತೆ. ಹಳ್ಳಿಯಲ್ಲೇ ಯಾರೋ ಬಿದಿರಿನ ದಬ್ಬೆ ಕಟ್ಟಿದರು, ಮೂಳೆ ತನಗೆ ಬೇಕಾದ ಹಾಗೆ ಕೂಡಿಕೊಂಡಿತು. ಅವರು ಏನನ್ನಾದರೂ ತೋರಿಸಿದರೆ ಬೆರಳ ತುದಿ ಅದಕ್ಕಿಂತ ಒಂದು ಗೇಣು ಕೆಳಗೆ ನೋಡುತ್ತಿತ್ತು. ‘ಮಾವ ತೋರಿಸಿದ ಕಡೆ ನೋಡಬಾರದು, ಅದರ ಮೇಲೆ ನೋಡಬೇಕು’ ಎನ್ನುವುದು ನಮ್ಮ ಮನೆಯ ಹಳೇ ತಮಾಷೆ. ಮದುವೆಯಾಗಿ ಬಂದ ಮೊದಲ ವಾರವೇ ನನಗೂ ಅದನ್ನು ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಮರೆತೆ. ಆ ಮರೆವಿನ ಕಥೆಯನ್ನು ಹೇಳದೆ ಅವರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಯಲ್ಲದಕೆರೆಯ ಕಡೆ ಐವತ್ತು ವರ್ಷ ಕುರಿ ಕಾಯ್ದವರು. ಅಕ್ಷರ ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು. ಸಂಜೆ ಹಿಂಡು ಮುಳ್ಳುಬೇಲಿಯ ರೊಪ್ಪಕ್ಕೆ ನುಗ್ಗುವಾಗ ಬಾಗಿಲಲ್ಲಿ ನಿಂತು, ಹೆಬ್ಬೆರಳನ್ನು ಉಳಿದ ಬೆರಳುಗಳ ಗಿಣ್ಣಿನ ಮೇಲೆ ಓಡಿಸುತ್ತಾ ಎಣಿಸುತ್ತಿದ್ದರು. ನೂರಕ್ಕೂ ಮೇಲ್ಪಟ್ಟು ಕುರಿ ಧೂಳೆಬ್ಬಿಸಿಕೊಂಡು ಒಂದರ ಮೇಲೊಂದು ಹತ್ತಿ ಬಂದರೂ ಲೆಕ್ಕ ತಪ್ಪುತ್ತಿರಲಿಲ್ಲ. ‘ಒಂದು’ ಎಂದು ಅವರು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ರಾಶಿ ಅಳೆಯುವವರ ಹಾಗೆ ‘ಲಾಭ’ ಎಂದೇ ಶುರು ಮಾಡುತ್ತಿದ್ದರು, ಆಮೇಲೆ ಎರಡು, ಮೂರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. “ನಿನ್ ಲೆಕ್ಕ ಬೋರ್ಡಿನ ಮ್ಯಾಲಿಂದು ಕಣವ್ವ, ನಿಂತಲ್ಲೇ ನಿಂತಿರ್ತೈತೆ. ನಂದು ಓಡಾಡ್ತೈತೆ” ಎಂದು ನನ್ನನ್ನು ಚುಡಾಯಿಸುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಕುರಿ ಮಾರಿ ಚಿತ್ರದುರ್ಗದ ನಮ್ಮ ಮನೆಗೆ ಬಂದರು. ಎರಡು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಮರೆವು ಹಿಡಿಯಿತು. ಮೊದಲು ಕನ್ನಡಕ ಇಟ್ಟ ಜಾಗ, ಆಮೇಲೆ ಉಂಡ ಊಟ, ಆಮೇಲೆ ಸಾಮಾನಿನ ಹೆಸರು. ತಟ್ಟೆಯೂ ‘ಅದು’, ಟವೆಲ್ಲೂ ‘ಅದು’. ಮಗನನ್ನು ಸತ್ತುಹೋದ ತಮ್ಮನ ಹೆಸರು ಹಿಡಿದು ಕರೆಯುತ್ತಿದ್ದರು. ಒಂದು ದಿನ ಬೆಳಗ್ಗೆ ತಿರುಗಾಡಲು ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಊರೆಲ್ಲ ಹುಡುಕಿದ ಮೇಲೆ ಚಂದ್ರವಳ್ಳಿಯಲ್ಲಿ ಬಂಡೆಯ ನೆರಳಿಗೆ ಕುಂತಿದ್ದವರು ಸಿಕ್ಕರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಗಂಡನನ್ನು ಕಂಡವರೇ, “ಬಂದೇನಪ್ಪ, ಕುರಿ ಆ ಕಡೀಕೆ ಇಳಿದ್ವು, ತಿರುಗಿಸ್ಕಂಡು ಬಾ” ಎಂದರಂತೆ. ಅವತ್ತಿನಿಂದ ಗೇಟಿಗೆ ಬೀಗ ಬಿತ್ತು. ಬೀಗ ಹಾಕಿದವಳು ನಾನೇ, ಕೀಲಿ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು.

ಮನೆಯೊಳಗೇ ಕುಂತು ನೋಡಲು ಏನಾದರೂ ಜೀವಂತವಾದದ್ದು ಇರಲಿ ಎಂದು ಮೀನಿನ ತೊಟ್ಟಿ ತರುವ ಯೋಚನೆ ಮಾಡಿದೆವು. ಮಾವನನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಮೀನಿನಂಗಡಿಯವರು ಕಂಡದ್ದನ್ನೆಲ್ಲ ಮಾರುವ ಜನವಲ್ಲ. ಮೀನು ತೋರಿಸುವ ಮೊದಲೇ, “ನಿಮ್ಮನೇದು ಬೋರ್ ನೀರಾ ಮೇಡಂ? ಹಂಗಾದ್ರೆ ಗಡಸು ನೀರು. ನಿಯಾನ್ ಮೀನು ಮುಟ್ಬ್ಯಾಡ್ರಿ, ತಡಿಯಲ್ಲ. ಗಪ್ಪಿ, ಜೀಬ್ರಾ ಆರಾಮಾಗಿರ್ತವೆ” ಎಂದರು. ಅಷ್ಟರಲ್ಲಿ ಮಾವ ಹುಲಿಪಟ್ಟೆಯ ಚುರುಕು ಮೀನುಗಳ ಮುಂದೆ ನಿಂತಿದ್ದರು. ನನಗೆ ಅವೇ ಇಷ್ಟವಾಗಿದ್ದವು. ಮಾವ ತಲೆಯಾಡಿಸಿದರು.

“ಎಲ್ಲವುಕ್ಕೂ ಬಾಲ ಹರ್ದೈತಲ್ಲಪ್ಪ. ಒಂದುನ್ನೊಂದು ಕಚ್ತವೆ. ಉದ್ದ ಬಾಲದ್ರ ಜತಿಗೆ ಇವನ್ನ ಬಿಡಬ್ಯಾಡ.”

“ಅಜ್ಜಾರೇ, ಇದನ್ನ ಕಲಿಯಾಕೆ ನಾನು ಎರಡು ವರ್ಷ ಮೀನು ಸಾಯ್ಸಿದೀನಿ!” ಎಂದು ಅಂಗಡಿಯವರು ನಕ್ಕುಬಿಟ್ಟರು.

ಆಮೇಲೆ ಅವರಿಬ್ಬರೇ ಕೂತು ಆರಿಸಿದರು, ನನ್ನನ್ನು ಕೇಳಿದವರಿಲ್ಲ. ಹನ್ನೆರಡು ಗಪ್ಪಿ, ಅದೂ ಬರೀ ಗಂಡು, ಹೆಣ್ಣು ಸೇರಿದರೆ ತಿಂಗಳೊಪ್ಪತ್ತಿನಲ್ಲಿ ಮರಿ ಹಾಕಿ ತೊಟ್ಟಿ ತುಂಬಿಸುತ್ತವಂತೆ. ಜೀಬ್ರಾ ಗುಂಪಿನಲ್ಲೇ ಇರಬೇಕಾದ ಮೀನು, ಅದಕ್ಕೆ ಆರು. ಗಾಜಿಗೆ ಹತ್ತಿದ ಪಾಚಿ ನೆಕ್ಕಲು ಕಪ್ಪಗಿನ ಒಂದು ಸಕ್ಕರ್. ಒಟ್ಟು ಹತ್ತೊಂಬತ್ತು. ಹೊರಡುವಾಗ ಅಂಗಡಿಯವರು ನನಗೆ ಹೇಳಿದ ಮಾತು ಇದು: “ಹೊಸದೇನಾದ್ರೂ ಬಿಡೋ ಮುಂಚೆ ನನ್ನ ಕೇಳ್ರಿ ಮೇಡಂ. ಬಣ್ಣ ನೋಡಬ್ಯಾಡ್ರಿ, ಬಾಯಿ ನೋಡ್ರಿ. ಬಾಯಿಗೆ ಹಿಡಿಸಿದ್ದೆಲ್ಲ ಮೀನಿಗೆ ಊಟನೇ.”

ಮಾವ ಅದಕ್ಕೆ ಗಾಜಿನ ರೊಪ್ಪ ಎಂದು ಹೆಸರಿಟ್ಟರು. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಕುರ್ಚಿ ಎಳೆದುಕೊಂಡು ಕುಂತು, ಲಾಭ, ಎರಡು, ಮೂರು ಎಂದು ಶುರು ಮಾಡುವರು. ಸರಸರ ಸರಿದಾಡುವ ಮೀನುಗಳನ್ನು ಹೇಗೆ ಎಣಿಸುತ್ತಿದ್ದರೋ, ನನಗಂತೂ ಹತ್ತರ ಮೇಲೆ ಕಲಸಿಹೋಗುತ್ತಿತ್ತು. ಹತ್ತೊಂಬತ್ತು ಮುಟ್ಟಿದ ಮೇಲೆ, “ಎಲ್ಲ ಬಂದ್ವು, ಬಾಗ್ಲಾಕು” ಎನ್ನುತ್ತಿದ್ದರು. ನಾನು ಬಾಗಿಲು ಹಾಕಿ ಬರುತ್ತಿದ್ದೆ. ಮಗನ ಹೆಸರು ಮರೆತ ಮನುಷ್ಯ ಆ ಐದಾರು ತಿಂಗಳು ಒಂದು ಸಂಜೆಯೂ ಎಣಿಕೆ ತಪ್ಪಲಿಲ್ಲ.

ಇಂಥಾದ್ದರಲ್ಲಿ ಒಂದು ಏಂಜಲ್ ಮೀನು ಬಂತು. ನನ್ನ ಜೊತೆಯ ಟೀಚರೊಬ್ಬರಿಗೆ ಹೊಸದುರ್ಗಕ್ಕೆ ವರ್ಗವಾಯಿತು. ಗಾಜಿನ ಬೋಗುಣಿಯಲ್ಲಿ ಒಂದೇ ಒಂದನ್ನು ಸಾಕಿದ್ದರು, ಹೋಗುವಾಗ ನನ್ನ ಕೈಗಿಟ್ಟರು. ಬೆಳ್ಳಗೆ, ಎಲೆಯ ಹಾಗೆ ಚಪ್ಪಟೆ, ಮೇಲೂ ಕೆಳಗೂ ಉದ್ದುದ್ದ ರೆಕ್ಕೆ. ಅಷ್ಟು ಚೆಂದದ ಮೀನನ್ನು ನಾನು ಅದುವರೆಗೆ ಹತ್ತಿರದಿಂದ ಕಂಡಿರಲಿಲ್ಲ. ಅಂಗಡಿಯವರನ್ನು ಕೇಳಬೇಕೆಂದು ನೆನಪಿತ್ತು, ಕೇಳಲಿಲ್ಲ. ಬೇಡ ಎಂದುಬಿಟ್ಟಾರು ಎಂಬ ಭಯ. ಮಾವ ಪ್ಲಾಸ್ಟಿಕ್ ಚೀಲದೊಳಗಿನ ಮೀನನ್ನು ಬಹಳ ಹೊತ್ತು ನೋಡಿದರು.

“ಒಂಟಿಯಾಗಿ ಬೆಳ್ದೈತೆ. ಒಂಟಿ ಬೆಳೆದ ಟಗರು ಹಿಂಡಿಗೆ ಬಗ್ಗಲ್ಲ. ಬ್ಯಾರೆ ಇಡವ್ವ.”

“ಎಷ್ಟು ಸಾಧು ಐತೆ ನೋಡ್ರಿ ಮಾವ, ಅಲ್ಲಾಡೋದೂ ಇಲ್ಲ.”

“ಅದುಕ್ಕೇ ಹೇಳಿದ್ದು.”

ನಾನು ನಕ್ಕು ಚೀಲ ಬಿಚ್ಚಿದೆ. ಅವತ್ತು ಸಂಜೆಯೂ ಮಾವ ಹತ್ತೊಂಬತ್ತಕ್ಕೇ ನಿಲ್ಲಿಸಿದರು. ಇಪ್ಪತ್ತಲ್ವಾ ಎಂದು ನಾನು ಕೇಳಿದ್ದಕ್ಕೆ, “ಅದು ನಮ್ದಲ್ಲ” ಎಂದರು. ಕೊನೆಯವರೆಗೂ ಅದನ್ನು ಅವರು ಎಣಿಕೆಗೆ ಸೇರಿಸಲೇ ಇಲ್ಲ.

ಮೂರು ತಿಂಗಳು ಏನೂ ಆಗಲಿಲ್ಲ. ಏಂಜಲ್ ಬೆಳೆಯಿತು, ಅಂಗೈಯಗಲ ಆಯಿತು. ಒಂದು ಸಂಜೆ ಅಡುಗೆಮನೆಗೆ ಮಾವನ ದನಿ ಕೇಳಿಸಿತು. “ಅವ್ವಾ, ಒಂದು ಕಮ್ಮಿ ಐತೆ.” ಗಿಡದ ಹಿಂದೆ ಇರುತ್ತದೆ ಬಿಡ್ರಿ ಎಂದೆ. ನಾಲ್ಕು ದಿನ ಬಿಟ್ಟು ಮತ್ತೆ, “ಎರಡು ಕಮ್ಮಿ ಅವೆ.” ನೀರು ತಿಳಿಯಾಗಿತ್ತು. ಸತ್ತ ಮೀನು ತೇಲಿರಲಿಲ್ಲ, ಮೇಲಿನ ಮುಚ್ಚಳ ಮುಚ್ಚಿದಂತೆಯೇ ಇತ್ತು. ಹೋಗಲು ಎಲ್ಲಿಗೆ ಹೋಗುತ್ತವೆ? ಸತ್ತ ತಮ್ಮನನ್ನು ಊಟಕ್ಕೆ ಕರೆಯುವವರ ಮಾತು ಇದೂ ಒಂದು ಎಂದುಕೊಂಡೆವು. ಮಾವ ಊಟ ಬಿಟ್ಟು ತೊಟ್ಟಿಯ ಮುಂದೆ ನಿಲ್ಲತೊಡಗಿದರು. ಗಾಜು ಬಡಿಯುವರು, ಮನೆಯ ಬಾಗಿಲುಗಳನ್ನೆಲ್ಲ ತೆಗೆದು ನೋಡುವರು. “ಒಳಗೇ ಐತೆ ತೋಳ. ಒಳಗೇ ಇಟ್ಕಂಡೀರಿ” ಎನ್ನುವರು. ಸಂಜೆ ಶಾಲೆಯಿಂದ ಬರುವಾಗ ಗೇಟಿನ ಬೀಗಕ್ಕೆ ಕೀಲಿ ಹಾಕುವ ಮೊದಲು ಒಳಗಿನ ಸದ್ದಿಗೆ ಕಿವಿಗೊಡುತ್ತಿದ್ದೆ, ಇವತ್ತು ಏನಂತಾರೋ ಎಂದು.

“ಯಾವುದಪ್ಪ, ಯಾವುದು ತಿಂತೈತೆ, ತೋರಿಸು” ಎಂದು ಒಂದು ದಿನ ನನ್ನ ಗಂಡ ರೇಗಿ ಕೇಳಿದರು. ಹೆಸರು ಮರೆತ ಮಾವ ಇನ್ನೇನು ಹೇಳಿಯಾರು, “ಅದು, ಅದೇ” ಎಂದು ಬೆರಳು ಚಾಚಿದರು. ಬೆರಳು ನೆಟ್ಟಗೆ ತಳದಲ್ಲಿ ಕುಂತ ಕರಿ ಸಕ್ಕರನ್ನು ತೋರಿಸುತ್ತಿತ್ತು. ಅದರ ಮುಖವೂ ಹಾಗೇ, ನೋಡಿದರೆ ಕಳ್ಳನದೇ. ಅದರಿಂದ ಒಂದು ಗೇಣು ಮೇಲೆ ಏಂಜಲ್ ಅಲ್ಲಾಡದೆ ನಿಂತಿತ್ತು. ಮಾವ ತೋರಿಸಿದ ಕಡೆ ನೋಡಬಾರದು ಎಂದು ಮನೆಮಂದಿಗೆಲ್ಲ ಗೊತ್ತಿದ್ದ ಮಾತು ಆ ಹೊತ್ತಿಗೆ ಇಬ್ಬರಿಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಏಂಜಲ್ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿರಲಿಲ್ಲ. ಸಕ್ಕರನ್ನು ಹಿಡಿದು ಬಚ್ಚಲಿನ ಬಕೆಟ್ಟಿಗೆ ಹಾಕಿದೆ. ಎರಡನೇ ದಿನ ಅದು ಸತ್ತಿತು.

“ಇನ್ನೂ ಕಮ್ಮಿ ಆಗ್ತಾವೆ ಕಣವ್ವ” ಎಂದರು ಮಾವ ಅದೇ ವಾರ. ಈ ಸಲ ಅವರ ಕಣ್ಣಲ್ಲಿ ನೀರಿತ್ತು.

ನಾನು ವೈದ್ಯರ ಹತ್ತಿರ ಹೋಗಿ, ಇವರಿಗೆ ಇಲ್ಲದ್ದೆಲ್ಲ ಕಾಣುತ್ತಿದೆ, ಸಂಜೆಯಾದರೆ ಹಿಡಿಯಲಾಗುತ್ತಿಲ್ಲ ಎಂದೆ. ನಾನು ಹೇಳಿದ್ದನ್ನು ನಂಬಿ ಅವರು ಮಾತ್ರೆ ಬರೆದರು. ಮೊದಲು ಅರ್ಧ, ಆಮೇಲೆ ಒಂದು. ಮಾತ್ರೆ ನುಂಗಿಸುವಾಗ ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಮಗು ಅಳು ನಿಲ್ಲಿಸಲಿ ಎಂದು ಹೇಳುವ ಹಾಗೆ ನಾನು ಹೇಳುತ್ತಿದ್ದೆ, “ಎಲ್ಲ ಅವೆ ಮಾವ. ನಾನೇ ಎಣಿಸೀನಿ. ಹತ್ತೊಂಬತ್ತೇ ಅವೆ, ಹೆದರಬ್ಯಾಡ್ರಿ.” ಎಣಿಸಿರಲಿಲ್ಲ. ಸಕ್ಕರನ್ನು ನಾನೇ ಕೈಯಾರೆ ತೆಗೆದ ಮೇಲೂ ಹತ್ತೊಂಬತ್ತು ಎನ್ನುತ್ತಿದ್ದೆನಲ್ಲ, ಎಂಥಾ ಗಣಿತದ ಮೇಡಮ್ಮೋ ನಾನು! ಒಮ್ಮೆ ಮಾತ್ರ ಸುಮ್ಮನೆ ಕಣ್ಣಾಡಿಸಿ ಹನ್ನೊಂದಕ್ಕೆ ಬಂದಿದ್ದೆ. ಉಳಿದವು ಕಲ್ಲಿನ ಸಂದಿಯಲ್ಲಿರಬೇಕು ಎಂದು ಎದ್ದುಹೋದೆ. ಅವತ್ತು ಎರಡನೇ ಸಲ ಎಣಿಸಿದ್ದರೆ ಆಗಿತ್ತು.

ತಿಂಗಳು ಕಳೆಯಿತು. ಮಾವ ದಿನವೆಲ್ಲ ತೂಕಡಿಸುವವರಾದರು. ಸಂಜೆ ಕುರ್ಚಿಗೆ ತಂದು ಕೂರಿಸಿದರೆ ಕೂರುವರು, ಬಾಯಿ ತೆರೆಯುತ್ತಿರಲಿಲ್ಲ. ಮನೆ ತಣ್ಣಗಾಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ.

ಒಂದು ಭಾನುವಾರ ಬೆಳಗ್ಗೆ ತೊಟ್ಟಿಯ ದೀಪ ಹಾಕಿದೆ. ಏಂಜಲ್ ಎಂದಿನಂತೆ ನಡುನೀರಿನಲ್ಲಿ ನಿಂತಿತ್ತು. ಅದರ ಬಾಯಿಂದ ಗಪ್ಪಿಯ ಕಿತ್ತಳೆ ಬಣ್ಣದ ಬಾಲವೊಂದು ಹೊರಗೆ ಚಾಚಿಕೊಂಡಿತ್ತು, ಇನ್ನೂ ಅಲ್ಲಾಡುತ್ತಿತ್ತು. ಎರಡು ಸಲ ಬಾಯಿ ಆಡಿಸಿತು. ಬಾಲವೂ ಹೋಯಿತು, ನೀರು ಮತ್ತೆ ತಿಳಿಯಾಗಿಯೇ ಇತ್ತು. ಆಮೇಲೆ ಎಣಿಸಿದೆ, ಒಂದು ಸಲ ಅಲ್ಲ, ನಾಲ್ಕು ಸಲ. ಐದು ಜೀಬ್ರಾ, ಎರಡು ಗಪ್ಪಿ.

ಏಂಜಲನ್ನು ಡಬ್ಬಿಗೆ ಹಾಕಿಕೊಂಡು ಅಂಗಡಿಗೆ ಓಡಿದೆ. ಅಂಗಡಿಯವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ.

“ಚಿಕ್ಕದಿದ್ದಾಗ ಸಾಧುನೇ ಮೇಡಂ, ಬಾಯಿ ಬೆಳೆದ ಮ್ಯಾಲೆ ಗಪ್ಪಿ ಬಿಡಲ್ಲ ಇದು” ಎಂದವರೇ ಕೇಳಿದರು, “ಅಲ್ರೀ, ಅಜ್ಜಾರು ಏನೂ ಹೇಳ್ಲಿಲ್ವಾ? ಅವ್ರಿಗೆ ಗೊತ್ತಾಗ್ಬೇಕಿತ್ತಲ್ಲ.”

ಡಬ್ಬಿ ಅಲ್ಲೇ ಬಿಟ್ಟು ಬಂದೆ.

ವೈದ್ಯರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮಾತ್ರೆಯನ್ನು ಮೆಲ್ಲಗೆ ಇಳಿಸುತ್ತಾ ಬಂದು ನಿಲ್ಲಿಸಿದರು. ಮಾವನ ಕಣ್ಣಿಗೆ ಮತ್ತೆ ಸ್ವಲ್ಪ ಬೆಳಕು ಬಂತು, ಒಂದಿನ ನನ್ನನ್ನು ಹೆಸರು ಹಿಡಿದು ಕರೆದರು. ಅವತ್ತೇ ಸಂಜೆ ದೀಪ ಹಚ್ಚಿ, ಅವರನ್ನು ತೊಟ್ಟಿಯ ಮುಂದೆ ಕೂರಿಸಿ, ಪಕ್ಕದಲ್ಲಿ ನಾನೂ ಕುಂತೆ. ಹೊಸ ಮೀನು ತಂದು ಬಿಟ್ಟಿರಲಿಲ್ಲ. ಆ ಏಳನ್ನೇ ಅವರು ನೋಡಬೇಕು, ನಿಮ್ಮ ಎಣಿಕೆಯೇ ಸರಿಯಿತ್ತು ಎಂದು ನಾನು ಹೇಳಬೇಕು ಎಂಬ ಆಸೆಯಿತ್ತು.

“ಎಣಿಸ್ರಿ ಮಾವ. ಎಷ್ಟವೆ?”

ಅವರು ತೊಟ್ಟಿಯ ಕಡೆ ತಿರುಗಲಿಲ್ಲ. ನನ್ನ ಮುಖವನ್ನು ನೋಡಿದರು, ನನ್ನ ತುಟಿಯನ್ನು ನೋಡಿದರು, ಶಾಲೆಯಲ್ಲಿ ಉತ್ತರ ಗೊತ್ತಿಲ್ಲದ ಮಕ್ಕಳು ನೋಡುವ ಹಾಗೆ.

“ಹತ್ತೊಂಬತ್ತು. ಅಲ್ವೇನವ್ವ?”

“ಇಲ್ಲ ಮಾವ, ಏಳೇ ಅವೆ. ನೀವು ಹೇಳಿದ್ದೇ ಸರಿ ಇತ್ತು. ನಾನು ಎಣಿಸ್ಲೇ ಇಲ್ಲ, ಸುಳ್ಳು ಹೇಳ್ತಿದ್ದೆ. ತಪ್ಪಾಯ್ತು” ಎಂದು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ನಾನು ಅಳುವುದನ್ನು ಕಂಡು ಅವರಿಗೆ ಗಾಬರಿಯಾಯಿತು. ತಲೆ ಸವರಿದರು.

“ಯಾಕವ್ವ ಅಳ್ತೀಯ? ಎಲ್ಲ ಅವೆ. ಹತ್ತೊಂಬತ್ತೇ ಅವೆ, ಹೆದರಬ್ಯಾಡ.”

ಅದಾಗಿ ನಾಲ್ಕು ತಿಂಗಳಿಗೆ ತೀರಿಕೊಂಡರು. ಆ ನಾಲ್ಕು ತಿಂಗಳಲ್ಲಿ ದಿನಾ ಸಂಜೆ ತೊಟ್ಟಿಯ ಮುಂದೆ ಕೂರುತ್ತಿದ್ದರು. ಅವರ ಹೆಬ್ಬೆರಳು ಒಂದು ದಿನವೂ ಗಿಣ್ಣಿನ ಮೇಲೆ ಓಡಲಿಲ್ಲ.