ಗೋಮಾಳ ಎಂದು ಬರೆದದ್ದು

ಹರಾಜು ಕೂಗುವ ಮೊದಲು ರಿಜಿಸ್ಟರನ್ನು ಗಟ್ಟಿಯಾಗಿ ಓದುವುದು ಪಂಚಾಯಿತಿ ಗುಮಾಸ್ತನಾದ ನನ್ನ ಕೆಲಸ. ಹಿಡಿದು ತಂದ ದನಗಳನ್ನು ಕೂಡಿಹಾಕುವ ದೊಡ್ಡಿಯ ಮುಂದೆ ನಿಂತು, "ಕಾಳಮ್ಮನವರ ಕೆಂಪು ಹಸು. ಹಿಡಿದ ಜಾಗ, ಗೋಮಾಳ. ದಂಡ ಕಟ್ಟಿಲ್ಲ" ಎಂದು ಓದಿದೆ. ಬೇಲಿ ಹಿಡಿದು ನಿಂತಿದ್ದ ಕಾಳಮ್ಮ ಕೇಳಿದರು:

"ಗೋಮಾಳ್ದಾಗೆ ಹಸ ಮೇಯ್ದ್ರೆ ಅದ್ಕೂ ದಂಡವೇನಪ್ಪಾ?"

ನೆರೆದವರೆಲ್ಲ ನಕ್ಕರು. ತಪ್ಪು ನನ್ನದೇ. ಮಾಗಡಿ ಕಡೆಯ ನಮ್ಮೂರ ಗೋಮಾಳದಲ್ಲಿ ಕಾರ್ಖಾನೆ ಎದ್ದು ಎರಡು ವರ್ಷವಾಗಿತ್ತು. ಗೇಟಿನೊಳಗಿನ ಹುಲ್ಲಿಗೆ ಬಾಯಿ ಹಾಕಿದ ಹಸುವನ್ನು ಕಾವಲುಗಾರರು ದೊಡ್ಡಿಗೆ ತಂದು ಬಿಟ್ಟ ದಿನ, ಹಳೆಯ ಅಭ್ಯಾಸದಲ್ಲಿ ನನ್ನ ಕೈ ಆ ಪದ ಬರೆದುಬಿಟ್ಟಿತ್ತು. ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ಕಾಳಮ್ಮ ಹದಿನೈದು ದಿನ ಹಟ ಹಿಡಿದಿದ್ದರು. ಬೆಳಿಗ್ಗೆ, ಸಂಜೆ ದೊಡ್ಡಿಗೇ ಬಂದು ಹಾಲು ಕರೆದು, ಡೇರಿಗೆ ಹಾಕಿ ಹೋಗುತ್ತಿದ್ದರು.

ಕಾರ್ಯದರ್ಶಿಗಳು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಪೆನ್ನು ತೆಗೆದು 'ಗೋಮಾಳ'ದ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ 'ಕಾರ್ಖಾನೆ ಆವರಣ' ಎಂದು ಬರೆದು ಸಹಿ ಹಾಕಿದೆ.

"ನೀನೇ ಬರ್ದೆ, ನೀನೇ ಹೊಡ್ದಾಕ್ಬುಟ್ಟೆ ಕಣಪ್ಪ" ಎಂದರು ಕಾಳಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಹಸು ಸೋಲೂರಿನವರೊಬ್ಬರ ಪಾಲಾಯಿತು.

ಎಷ್ಟೋ ರಿಜಿಸ್ಟರು ತುಂಬಿಸಿ ನಿವೃತ್ತನಾದೆ. ಅವುಗಳಲ್ಲಿ ತಿದ್ದಿದ ತಪ್ಪೊಂದೂ ನೆನಪಿಲ್ಲ. ಸರಿಯಾಗಿ ಬರೆದು, ನಾನೇ ಹೊಡೆದುಹಾಕಿದ ಆ ಒಂದು ಪದ ಮಾತ್ರ ಮರೆಯಲಾಗಿಲ್ಲ.